ಇಬ್ಬರಿಗೆ ಒಂದೇ ಚೀಟಿ

ವೈದ್ಯವೃತ್ತಿಯ ಸಮಸ್ತ ವ್ಯವಹಾರಕ್ಕೂ ಆಧಾರವಾಗಿರತಕ್ಕದ್ದು ರೋಗಿಯು ತನ್ನ ಬಾಯಿಂದಲೇ ಹೇಳುವ ವೃತ್ತಾಂತ. ನೋವು ಎಲ್ಲಿ, ಎಂದಿನಿಂದ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂಬುದನ್ನು ನೊಂದವರೇ ಹೇಳಬೇಕು. ಉಳಿದ ಪರೀಕ್ಷೆಗಳೆಲ್ಲ ಆ ಮಾತಿನ ಹಿಂದೆ ಬರತಕ್ಕವು. ಆದರೆ ರೋಗವೇ ಮಾತಿನ ಮೇಲೆ, ನೆನಪಿನ ಮೇಲೆ, ದೇಶಕಾಲಗಳ ಅರಿವಿನ ಮೇಲೆ ಕೈಯಿಟ್ಟಾಗ ಈ ಆಧಾರವು ಅಲುಗುತ್ತದೆ. ವೈದ್ಯರು ಡಿಮೆನ್ಷಿಯಾ ಎಂದೂ ಮನೆಯವರು ಮರೆವಿನ ಕಾಯಿಲೆ ಎಂದೂ ಕರೆಯುವ ಈ ವ್ಯಾಧಿಗೆ ಒಳಗಾದವರು ಆಸ್ಪತ್ರೆಗೆ ಒಬ್ಬರೇ ಬರುವುದು ಅಪರೂಪ. ಮಗಳೋ ಸೊಸೆಯೋ ಮಗನೋ, ಬಾಳಸಂಗಾತಿಯೋ ಜೊತೆಗಿರುತ್ತಾರೆ. ಬಂದವರು ಇಬ್ಬರು, ಸಂಕಟಗಳು ಎರಡು. ಹೊರರೋಗಿ ವಿಭಾಗದಲ್ಲಿ ದೊರೆಯುವ ಚೀಟಿ ಮಾತ್ರ ಒಂದು, ವೈದ್ಯರ ವೇಳೆಯೂ ಒಬ್ಬರಿಗೆ ಸಾಲುವಷ್ಟೇ. ಈ ಇಬ್ಬರೊಡನೆಯೂ ಬೇರೆಬೇರೆಯಾಗಿ, ಸಾವಧಾನವಾಗಿ ಮಾತನಾಡುವ ಪದ್ಧತಿಯು ನಮ್ಮ ಆರೋಗ್ಯವ್ಯವಸ್ಥೆಯಲ್ಲಿ ನೆಲೆಗೊಳ್ಳಬೇಕೆಂಬುದೇ ನಾನಿಲ್ಲಿ ಹೇಳಬಯಸುವ ವಿಷಯ.

ಸಾಮಾನ್ಯವಾಗಿ ನಡೆಯುವುದು ಹೀಗೆ. ವೈದ್ಯರು ಹಿರಿಯರ ಕಡೆಗೊಮ್ಮೆ ಕಣ್ಣು ಹಾಯಿಸಿ, ಜೊತೆಯವರನ್ನು ಕುರಿತು ‘ಏನಾಗಿದೆ ಇವರಿಗೆ?’ ಎಂದು ಕೇಳುತ್ತಾರೆ. ಮಗಳು ಹೇಳತೊಡಗುತ್ತಾಳೆ: ಹೇಳಿದ್ದನ್ನೇ ಹೇಳುತ್ತಾರೆ, ಉಂಡು ಕೈ ತೊಳೆದ ಮೇಲೂ ಊಟವೇ ಹಾಕಲಿಲ್ಲವೆನ್ನುತ್ತಾರೆ, ಬಳೆ ಕದ್ದಳೆಂದು ಸೊಸೆಯ ಮೇಲೆ ಅಪವಾದ ಹೊರಿಸುತ್ತಾರೆ, ನಡುರಾತ್ರಿ ಎದ್ದು ಬೀದಿಬಾಗಿಲು ತೆಗೆಯುತ್ತಾರೆ. ಇವೆಲ್ಲ ವೈದ್ಯರಿಗೆ ತಿಳಿಯಲೇಬೇಕಾದ ಸಂಗತಿಗಳು. ಆದರೆ ಪಕ್ಕದಲ್ಲಿ ಕುಳಿತ ತಾಯಿಯೂ ಅವನ್ನು ಕೇಳುತ್ತಿರುತ್ತಾಳೆ. ನಿನ್ನೆಯ ನೆನಪು ನಿಲ್ಲದ ಮನಸ್ಸಿನಲ್ಲಿಯೂ ಮಾನಾಪಮಾನಗಳ ಅರಿವು ಬಹುಕಾಲ ಉಳಿದಿರುತ್ತದೆ. ಆಕೆ ‘ಎಲ್ಲಾ ಸುಳ್ಳು’ ಎಂದು ಪ್ರತಿಭಟಿಸಿದರೆ ಅದು ರೋಗದ ಲಕ್ಷಣವೆಂದು ದಾಖಲಾಗುವುದು. ಮೌನವಾಗಿದ್ದರೆ ಸಮ್ಮತಿಯೆಂದು ಎಣಿಕೆಯಾಗುವುದು. ಇತ್ತ ಮಗಳಾದರೂ ತನ್ನ ಮನಸ್ಸನ್ನು ಪೂರ್ಣವಾಗಿ ತೆರೆಯಲಾರಳು. ಸ್ನಾನ ಮಾಡಿಸುವಾಗ ತಾಯಿ ಹೊಡೆದದ್ದನ್ನು, ತಾಳ್ಮೆಗೆಟ್ಟು ತಾನೂ ಗದರಿದ್ದನ್ನು, ಎಷ್ಟೋ ರಾತ್ರಿಗಳಿಂದ ನಿದ್ರೆಯಿಲ್ಲದೆ ತನ್ನ ದೇಹವೇ ಕುಸಿಯುತ್ತಿರುವುದನ್ನು ಆ ತಾಯಿಯ ಎದುರಿನಲ್ಲೇ ಹೇಳುವುದಕ್ಕೆ ಯಾರ ನಾಲಿಗೆ ತಾನೇ ಏಳುತ್ತದೆ? ಒಬ್ಬರ ಇರವೇ ಮತ್ತೊಬ್ಬರ ಬಾಯಿ ಕಟ್ಟುತ್ತದೆ.

ಈ ರೋಗದ ಒಂದು ಮುಖ್ಯ ಬಗೆಯ ಅಧ್ಯಯನವು ಒಂದು ಸಂಭಾಷಣೆಯಿಂದಲೇ ಆರಂಭವಾಯಿತೆಂಬುದನ್ನು ನೆನೆಯಬೇಕು. 1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಪತಿಯ ಮೇಲೆ ಅಕಾರಣವಾದ ಸಂದೇಹದಿಂದ ಮೊದಲಾಗಿ, ಕ್ರಮಕ್ರಮವಾಗಿ ಆಕೆಯ ಸ್ಮೃತಿಯೂ ಮಾತೂ ಶಿಥಿಲವಾಗಿದ್ದವು. ಮರುದಿನ ಅಲ್ಲಿನ ವೈದ್ಯ ಅಲೋಯಿಸ್ ಆಲ್ಜೈಮರ್ ಆಕೆಯ ಬಳಿ ಕುಳಿತು, ತಾನು ಕೇಳಿದ ಪ್ರಶ್ನೆಗಳನ್ನೂ ಆಕೆ ಕೊಟ್ಟ ಉತ್ತರಗಳನ್ನೂ ತನ್ನ ಕೈಯಿಂದಲೇ ಬರೆದುಕೊಂಡನು. ಹೆಸರೇನೆಂದರೆ ಆಗುಸ್ಟೆ, ಮನೆತನದ ಹೆಸರೂ ಆಗುಸ್ಟೆ, ಗಂಡನ ಹೆಸರೂ ಬಹುಶಃ ಆಗುಸ್ಟೆಯೇ. ತಟ್ಟೆಯಲ್ಲಿ ಹೂಕೋಸೂ ಮಾಂಸವೂ ಇದ್ದಾಗ ತಾನು ತಿನ್ನುತ್ತಿರುವುದು ಸೊಪ್ಪು ಎಂದಳು. ಹೆಸರು ಬರೆಯಲು ಹೇಳಿದಾಗ ಮಧ್ಯದಲ್ಲೇ ನಿಂತು, ತಾನು ತನ್ನನ್ನೇ ಕಳೆದುಕೊಂಡಂತಾಗಿದೆ ಎಂಬರ್ಥದ ಮಾತನ್ನಾಡಿದಳು. ಆಕೆ 1906ರ ಏಪ್ರಿಲಿನಲ್ಲಿ ತೀರಿಕೊಂಡ ಮೇಲೆ ಆಲ್ಜೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ನಿನ ಸಭೆಯಲ್ಲಿ ವರದಿ ಮಾಡಿದನು; 1910ರಲ್ಲಿ ಮನೋವೈದ್ಯ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ರೋಗಕ್ಕೆ ಆಲ್ಜೈಮರನ ಹೆಸರಿಟ್ಟನು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಜಗತ್ತಿನ ಎಲ್ಲ ವೈದ್ಯಶಾಲೆಗಳ ಪಾಠವಾಯಿತು. ಆ ಸಂಭಾಷಣೆಯ ಕಡತವಾದರೋ ಕಣ್ಮರೆಯಾಗಿ, ಸುಮಾರು 90 ವರ್ಷಗಳ ತರುವಾಯ, 1995ರ ಡಿಸೆಂಬರಿನಲ್ಲಿ, ಫ್ರಾಂಕ್‌ಫರ್ಟಿನಲ್ಲಿಯೇ ದೊರೆಯಿತು. ಆ ಪುಟಗಳಲ್ಲಿ ನನ್ನ ಗಮನವನ್ನು ಹಿಡಿದು ನಿಲ್ಲಿಸುವುದು ಆಕೆಯ ಮರೆವಲ್ಲ. ಅಷ್ಟು ಮರೆತಿದ್ದರೂ ತನಗೇನಾಗುತ್ತಿದೆಯೆಂಬುದನ್ನು ಆಕೆ ಬಲ್ಲವಳಾಗಿದ್ದಳು, ಕೇಳುವವರೊಬ್ಬರು ಎದುರಿಗಿದ್ದುದರಿಂದ ಅದನ್ನು ಹೇಳಿದಳು.

ನಮ್ಮ ದೇಶದಲ್ಲಿ ಇಂಥವರೆಷ್ಟು ಮಂದಿ? 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು, 60 ವರ್ಷ ಮೀರಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರು ಡಿಮೆನ್ಷಿಯಾದಿಂದ ಬಳಲುತ್ತಿರುವರೆಂದು ಅಂದಾಜು ಮಾಡಿತು. ‘ಅರವತ್ತಕ್ಕೆ ಅರಳು ಮರಳು’ ಎಂದು ಸಮಾಧಾನ ಹೇಳಿಕೊಂಡು ವೈದ್ಯರ ಬಳಿಗೆ ಹೋಗದೆಯೇ ಉಳಿಯುವ ಕುಟುಂಬಗಳು ನಮ್ಮಲ್ಲಿ ಬಹಳ. ಮರೆವಿಗೆ ಕಾರಣವಾಗಬಲ್ಲ ಸಂಗತಿಗಳಲ್ಲಿ ಕೆಲವು ಚಿಕಿತ್ಸೆಗೆ ಬಗ್ಗತಕ್ಕವು: ಬಿ-12 ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ, ಮಾತ್ರೆಗಳ ದುಷ್ಪರಿಣಾಮ. ಸಮಾಧಾನದ ಒಂದು ಗಾದೆಯು ಇವನ್ನೆಲ್ಲ ಪರೀಕ್ಷಿಸುವ ಅವಕಾಶವನ್ನು ಕಳೆಯುತ್ತದೆ.

ಪರೀಕ್ಷೆಯೂ ಒಂದು ಸಂಭಾಷಣೆಯೇ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಲೋಕಪ್ರಸಿದ್ಧವಾದ 30 ಅಂಕಗಳ ಪ್ರಶ್ನಾವಳಿಯಲ್ಲಿ, ನೂರರಿಂದ ಏಳೇಳನ್ನು ಕಳೆಯುತ್ತ ಹೋಗಬೇಕು, ಒಂದು ವಾಕ್ಯವನ್ನು ಓದಬೇಕು, ಇನ್ನೊಂದನ್ನು ಬರೆಯಬೇಕು. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಇವುಗಳಲ್ಲಿ ಅಂಕ ಬಾರದಿರುವುದು ರೋಗದ ಸಾಕ್ಷ್ಯವಾಗಲಾರದು. ಈ ಅನ್ಯಾಯವನ್ನು ಕಂಡ ವಿದ್ವಾಂಸರು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಕ್ಷರಜ್ಞಾನವಿಲ್ಲದವರಿಗೂ ಒಪ್ಪುವಂತೆ ಅದನ್ನು ಹಿಂದಿಯಲ್ಲಿ ಮರುರೂಪಿಸಿ 1995ರಲ್ಲಿ ಪ್ರಕಟಿಸಿದರು; ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸಿದ್ಧಪಡಿಸಿರುವ ಪರೀಕ್ಷಾಸಮುಚ್ಚಯವು ಈಗ ಕನ್ನಡದಲ್ಲಿಯೂ ಉಂಟು. ಆದರೆ ಕಾಗದದ ಮೇಲಿನ ಕನ್ನಡದಷ್ಟೇ ಮುಖ್ಯವಾದುದು ಕೇಳುವವರ ವಿವೇಕ. ಈಗ ಯಾವ ತಿಂಗಳೆಂದಾಗ ‘ಕಾರ್ತಿಕ’ ಎಂದು ಉತ್ತರಿಸಿದ ವೃದ್ಧರು ಸರಿಯಾಗಿಯೇ ಉತ್ತರಿಸಿದ್ದಾರೆ. ನವೆಂಬರ್ ಎನ್ನಲಿಲ್ಲವೆಂದು ಅಂಕ ಕಳೆಯುವುದು ಅನುಚಿತ. ಪ್ರಶ್ನೆ ಕೇಳುವ ಮೊದಲು ಕನ್ನಡಕವಿದೆಯೆ, ಕಿವಿ ಕೇಳುತ್ತದೆಯೆ ಎಂದು ನೋಡುವ ವ್ಯವಧಾನವೂ ಇರಬೇಕು. ಅದರಂತೆಯೇ ಮನೆಗಳಲ್ಲಿ ನಡೆಯುವ ಇನ್ನೊಂದು ಪರೀಕ್ಷೆಯುಂಟು: ಬಂದ ನೆಂಟರೆಲ್ಲರೂ ಹಿರಿಯರ ಮುಂದೆ ನಿಂತು ‘ನಾನು ಯಾರು ಹೇಳಿ ನೋಡೋಣ?’ ಎಂದು ಕೇಳುವುದು. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಉತ್ತರ ಬಾರದ ಹಿರಿಯರು ಎಲ್ಲರ ಎದುರಿನಲ್ಲಿ ತಲೆತಗ್ಗಿಸಬೇಕಾಗುತ್ತದೆ. ‘ನಾನು ಶಿವಮೊಗ್ಗದ ಸುಬ್ಬಣ್ಣನ ಮಗ, ನಿಮ್ಮನ್ನು ನೋಡೋಣವೆಂದು ಬಂದೆ’ ಎಂದು ತಾನಾಗಿಯೇ ಪರಿಚಯ ಹೇಳಿಕೊಳ್ಳುವ ಅತಿಥಿಯು ಅರ್ಧ ಶುಶ್ರೂಷೆಯನ್ನು ಮಾಡಿದಂತೆಯೇ ಸರಿ.

ರೋಗವು ನಿಶ್ಚಯವಾದ ಮೇಲೆ ಯಾರಿಗೆ ಹೇಳತಕ್ಕದ್ದು? ನಮ್ಮಲ್ಲಿ ಮಗನನ್ನು ಪಕ್ಕಕ್ಕೆ ಕರೆದು ಹೇಳುವುದೇ ರೂಢಿ. ‘ಅಪ್ಪನಿಗೆ ಹೇಳಬೇಡಿ, ತಡೆದುಕೊಳ್ಳಲಾರರು’ ಎಂದು ಮಗನೂ ಕೈಮುಗಿಯುತ್ತಾನೆ. ಈ ಬೇಡಿಕೆಯಲ್ಲಿರುವ ವಾತ್ಸಲ್ಯವನ್ನು ನಾನು ಗೌರವಿಸುತ್ತೇನೆ. ಆದರೂ ತಂದೆಗೆ ತಿಳಿಯುವ ಹಕ್ಕಿದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆರಂಭದ ಹಂತದಲ್ಲಿರುವ ವ್ಯಕ್ತಿಯು ತನ್ನ ಜಮೀನು, ಉಯಿಲು, ಬ್ಯಾಂಕಿನ ಲೆಕ್ಕ, ಮುಂದೆ ತನ್ನನ್ನು ಯಾರು ನೋಡಿಕೊಳ್ಳಬೇಕೆಂಬ ಇಚ್ಛೆ, ಇವುಗಳನ್ನು ಕುರಿತು ನಿರ್ಧರಿಸಬಲ್ಲನು. ಎರಡು ಮೂರು ವರ್ಷ ಕಳೆದರೆ ಆ ಸಾಮರ್ಥ್ಯವು ಉಳಿದಿರಲಾರದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ಸ್ಮೃತಿಯ ತೀವ್ರ ವಿಕಾರವನ್ನೂ ಸೇರಿಸಿದೆ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡುವುದಕ್ಕೂ, ತನ್ನ ಪರವಾಗಿ ಮಾತನಾಡುವ ಪ್ರತಿನಿಧಿಯನ್ನು ಹೆಸರಿಸುವುದಕ್ಕೂ ಅವಕಾಶ ಕೊಟ್ಟಿದೆ. ರೋಗದ ಹೆಸರನ್ನೇ ತಿಳಿಸದಿದ್ದರೆ ಆ ಹಕ್ಕನ್ನು ಬಳಸುವುದು ಹೇಗೆ? ಹೇಳುವುದಕ್ಕೂ ಒಂದು ಕ್ರಮವಿದೆ. ‘ಈ ಮರೆವಿನ ವಿಚಾರದಲ್ಲಿ ನಿಮಗೇನನ್ನಿಸುತ್ತದೆ? ನಾವು ಕಂಡುಕೊಂಡದ್ದನ್ನು ನಿಮಗೆ ಹೇಳಬಹುದೆ?’ ಎಂದು ಮೊದಲು ಅವರನ್ನೇ ಕೇಳಿ, ಅವರು ಬಯಸಿದಷ್ಟನ್ನು, ಒಂದೇ ದಿನಕ್ಕೆ ಮುಗಿಸದೆ, ಎರಡು ಮೂರು ಭೇಟಿಗಳಲ್ಲಿ ತಿಳಿಸುವುದು ಉಚಿತ. ಕೇಳಲೊಲ್ಲೆನೆಂದವರಿಗೆ ಬಲವಂತವಾಗಿ ಹೇಳುವುದೂ ಸಲ್ಲದು.

ಇನ್ನು ನೋಡಿಕೊಳ್ಳುವವರೊಡನೆ ಆಡಬೇಕಾದ ಮಾತು. ಬಳೆ ಕದ್ದಳೆಂಬ ಆರೋಪಕ್ಕೆ ಗುರಿಯಾದ ಸೊಸೆಗೆ, ಅದು ಅತ್ತೆಯ ಮನಸ್ಸಿನ ಕೆಡುಕಲ್ಲ, ವಸ್ತುವನ್ನಿಟ್ಟ ಜಾಗದ ನೆನಪು ಅಳಿಸಿಹೋಗಿ ಉಳಿದ ಶೂನ್ಯವನ್ನು ಮಿದುಳು ತುಂಬಿಕೊಂಡ ರೀತಿ ಎಂದು ವೈದ್ಯರು ಒಂದು ವಾಕ್ಯದಲ್ಲಿ ವಿವರಿಸಿದರೆ, ಒಡೆಯಲಿದ್ದ ಮನೆಯೊಂದು ಉಳಿಯಬಹುದು. ಆ ವಾಕ್ಯವನ್ನು ಗಂಡನ ಎದುರಿನಲ್ಲಿಯೂ ಹೇಳಬೇಕು. ಏಕೆಂದರೆ ಹಗಲೆಲ್ಲ ಕಚೇರಿಯಲ್ಲಿದ್ದು ಸಂಜೆ ಬರುವ ಮಗನಿಗೆ ತಾಯಿಯ ದೂರೇ ಮೊದಲು ಕಿವಿಗೆ ಬೀಳುತ್ತದೆ. ಮತ್ತೊಂದು ಸಂಗತಿಯಂತೂ ಪ್ರಾಣಕ್ಕೆ ಸಂಬಂಧಿಸಿದ್ದು. ಡಿಮೆನ್ಷಿಯಾ ತಿಂಗಳು ವರ್ಷಗಳ ಗತಿಯಲ್ಲಿ ಬೆಳೆಯುವ ರೋಗ. ನಿನ್ನೆಯವರೆಗೆ ಹೇಗೋ ಇದ್ದವರು ಒಂದೆರಡು ದಿನಗಳಲ್ಲಿ ಏಕಾಏಕಿ ಕಂಗೆಟ್ಟು, ಬಡಬಡಿಸಿ, ಅಥವಾ ಮಂಕಾಗಿ ಮಲಗಿಬಿಟ್ಟರೆ, ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ ಮೊದಲಾದ ಬೇರೆ ಕಾರಣವಿರುವ ಸಂಭವವೇ ಹೆಚ್ಚು, ಒಡನೆಯೇ ವೈದ್ಯರಿಗೆ ತೋರಿಸಬೇಕು. ‘ಕಾಯಿಲೆ ಜಾಸ್ತಿಯಾಯಿತು’ ಎಂದು ಮನೆಯಲ್ಲೇ ಕೈಕಟ್ಟಿ ಕುಳಿತವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿರುವುದಿಲ್ಲ. ನೋವಿದೆಯೆಂದು ಹೇಳಲಾರದವರು ಕಿರುಚಬಹುದು, ಹೊಡೆಯಬಹುದು, ಊಟ ಬಿಡಬಹುದು. ಹುಳುಕು ಹಲ್ಲಿನ ನೋವಿಗೆ ಮನೋವಿಕಾರದ ಮಾತ್ರೆ ಸಿಗುವುದು ಹೀಗೆಯೇ. ಅಂಥ ಮಾತ್ರೆಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಸಂಭವವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2005ರಲ್ಲಿಯೇ ಎಚ್ಚರಿಸಿತ್ತು. ಕೆಲವು ವೇಳೆ ಅವು ಅನಿವಾರ್ಯವಾಗಬಹುದು. ಆದರೆ ಏಕೆ ಕೊಟ್ಟಿದೆ, ಎಷ್ಟು ದಿನಕ್ಕೆ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕೆಂಬುದನ್ನು ಕನ್ನಡದಲ್ಲಿ ಬರೆದುಕೊಡದೆ ಅವನ್ನು ಕೈಗಿಡಬಾರದೆಂದು ನಾನು ದೃಢವಾಗಿ ನಂಬಿದ್ದೇನೆ.

ಮಾತಿನ ರೀತಿಯನ್ನು ಕುರಿತು ಅನುಭವಸ್ಥರು ಹೇಳುವುದು ಸರಳವಾದುದು. ಹಿಂದಿನಿಂದ ಬಂದು ಮುಟ್ಟಬಾರದು. ಎದುರಿಗೆ ಬಂದು, ಕಣ್ಣಿನ ಸಮಕ್ಕೆ ಕುಳಿತು, ಹೆಸರು ಹಿಡಿದು ಮಾತನಾಡಿಸಬೇಕು. ಒಂದು ವಾಕ್ಯಕ್ಕೆ ಒಂದೇ ವಿಷಯ. ಮತ್ತು ಉತ್ತರಕ್ಕಾಗಿ ಕಾಯಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಈ ಕಾಯುವಿಕೆ. ಅವಸರದಲ್ಲಿ ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳಿದರೆ, ಅರ್ಧ ಅರಗಿದ್ದ ಮೊದಲ ಪ್ರಶ್ನೆಯೂ ಕೆಡುತ್ತದೆ. ಕನ್ನಡದ ನುಡಿಗೇ ವಿಶಿಷ್ಟವಾದ ಇನ್ನೊಂದು ಎಚ್ಚರವೂ ಬೇಕು. ನಲವತ್ತು ವರ್ಷ ಮೇಷ್ಟರಾಗಿ, ಊರೆಲ್ಲ ಬಹುವಚನದಲ್ಲಿ ಮಾತನಾಡಿಸಿದ ವ್ಯಕ್ತಿಯನ್ನು, ಹಾಸಿಗೆ ಹಿಡಿದ ಮಾತ್ರಕ್ಕೆ ‘ಬಾ ತಾತ, ಬಾಯಿ ತೆಗಿ’ ಎಂದು ಏಕವಚನಕ್ಕೆ ಇಳಿಸುವುದುಂಟು. ಅಜ್ಜಿಯನ್ನು ಸಲುಗೆಯಿಂದ ‘ನೀನು’ ಎನ್ನುವ ಮನೆತನಗಳೂ ನಮ್ಮಲ್ಲಿವೆ, ಅಲ್ಲಿ ಅದೇ ಆಪ್ತವಾದ ಮಾತು. ಆದಕಾರಣ ಯಾವ ವ್ಯಕ್ತಿಗೆ ಯಾವ ಸಂಬೋಧನೆ ಸಲ್ಲುವುದೆಂಬುದನ್ನು ಶುಶ್ರೂಷಕಿಯು ಮೊದಲ ದಿನವೇ ಮನೆಯವರಿಂದ ಕೇಳಿ ತಿಳಿಯತಕ್ಕದ್ದು. ತುತ್ತು ಹತ್ತಿರ ಬಂದಾಗ ಬಾಯಿ ಬಿಗಿಹಿಡಿಯುವ ಮೇಷ್ಟರು ‘ಸಾರ್, ಊಟಕ್ಕೆ ಏಳೋಣವೇ?’ ಎಂದರೆ ಏಳುತ್ತಾರೆಂದು ಅವರ ಹೆಂಡತಿಗೆ ಗೊತ್ತಿರುತ್ತದೆ.

ಭಾಷೆಯ ವಿಷಯ ಇನ್ನೂ ಗಹನ. ನಿಮ್ಹಾನ್ಸ್ ಸಂಸ್ಥೆಯ ನರವಿಜ್ಞಾನಿ ಸುವರ್ಣಾ ಅಲ್ಲಾಡಿಯವರು ಸಹೋದ್ಯೋಗಿಗಳೊಡನೆ ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ಅಂತರವಿತ್ತು. ಬಹುಭಾಷಿಗಳಾದ ನಮಗೆ ಇದು ಸಂತೋಷದ ವಾರ್ತೆ. ಆದರೆ ರೋಗವು ಮುಂದುವರಿದಂತೆ ತರುವಾಯ ಕಲಿತ ಭಾಷೆಗಳು ಹಿಂಜರಿದು, ತಾಯಿನುಡಿಯೊಂದೇ ಉಳಿಯುವುದನ್ನೂ ಕುಟುಂಬಗಳು ಕಾಣುತ್ತವೆ. ಬೆಂಗಳೂರಿನ ಬ್ಯಾಂಕಿನಲ್ಲಿ ಇಂಗ್ಲಿಷು ಕನ್ನಡಗಳಲ್ಲಿ ಬಾಳು ನಡೆಸಿದ ಕರಾವಳಿಯ ಹಿರಿಯರು ಕೊನೆಗೆ ತುಳುವಿನಲ್ಲೋ ಕೊಂಕಣಿಯಲ್ಲೋ ನೀರು ಕೇಳುತ್ತಾರೆ. ಆರೈಕೆಗೆ ನೇಮಕವಾದ ತರುಣಿ ಹೊರರಾಜ್ಯದವಳಾಗಿದ್ದು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಇಬ್ಬರ ತಪ್ಪೂ ಇಲ್ಲ. ನೀರು, ನೋವು, ಶೌಚ, ಸಾಕು, ಬೇಡ ಎಂಬಂಥ ಇಪ್ಪತ್ತು ಮೂವತ್ತು ಮಾತುಗಳನ್ನು ಆ ಹಿರಿಯರ ನುಡಿಯಲ್ಲಿ ಬರೆದು, ಹೇಳಿಕೊಡುವುದು ಒಂದು ಸಂಜೆಯ ಕೆಲಸ.

‘ಮನೆಗೆ ಹೋಗಬೇಕು’ ಎಂದು, ತಮ್ಮದೇ ಮನೆಯಲ್ಲಿ ಕುಳಿತು, ಹೊತ್ತು ಮುಳುಗುವ ವೇಳೆಗೆ ಹಿರಿಯರು ಹಠ ಹಿಡಿಯುವುದನ್ನು ಕಾಣದ ಆರೈಕೆದಾರರಿಲ್ಲ. ಇದೇ ನಿಮ್ಮ ಮನೆಯೆಂದು ವಾದಿಸಿ ಗೆದ್ದವರನ್ನೂ ನಾನು ಕಾಣೆ. ಆ ಮನೆಯಲ್ಲಿ ಯಾರಿದ್ದಾರೆ, ಹಿತ್ತಿಲಿನಲ್ಲಿ ಏನೇನು ಗಿಡಗಳಿದ್ದವು ಎಂದು ಕೇಳಿದರೆ ಮಾತು ಹರಿಯುತ್ತದೆ, ಕಾತರ ತಗ್ಗುತ್ತದೆ. ತೀರಿಹೋದ ಪತಿಯನ್ನು ದಿನವೂ ಹುಡುಕುವ ತಾಯಿಗೆ ದಿನವೂ ಸಾವಿನ ಸುದ್ದಿ ಹೇಳಿದರೆ, ಆಕೆಗೆ ದಿನವೂ ಹೊಸದಾಗಿ ವೈಧವ್ಯ ಒದಗುತ್ತದೆ. ಇಲ್ಲಿ ಸತ್ಯದ ಪ್ರಶ್ನೆ ಏಳುವುದೆಂದು ಬಲ್ಲೆ; ಸುಳ್ಳು ಕಟ್ಟಿ ಹೇಳುವುದನ್ನು ನಾನೂ ಒಪ್ಪೆ. ಆದರೆ ‘ಅವರ ನೆನಪಾಯಿತೇನಮ್ಮ? ಅವರ ವಿಷಯ ಹೇಳಿ’ ಎಂಬ ಮಾತಿನಲ್ಲಿ ಸುಳ್ಳೂ ಇಲ್ಲ, ಕ್ರೌರ್ಯವೂ ಇಲ್ಲ. ಇಂಥ ನುಡಿಗಳನ್ನು ಕಲಿಸಿಕೊಡುವುದೂ ಚಿಕಿತ್ಸೆಯ ಭಾಗವೆಂದು ಆಸ್ಪತ್ರೆಗಳು ಎಣಿಸಬೇಕು.

2016ರಲ್ಲಿ ತೆರೆಕಂಡ, ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಆಲ್ಜೈಮರ್ ರೋಗಿಯಾದ ವೆಂಕೋಬರಾಯರ ಪಾತ್ರವನ್ನು ಅನಂತನಾಗ್ ಅಭಿನಯಿಸಿದರು. ಕಳೆದುಹೋದ ತಂದೆಯನ್ನು ಹುಡುಕಲು ಹೊರಟ ಮಗನಿಗೆ, ಕಾಣೆಯಾದವರ ಪ್ರಕಟಣೆಯಲ್ಲಿ ಬರೆಯಬಹುದಾದ ಬಣ್ಣ, ಮೈಕಟ್ಟುಗಳಾಚೆಗೆ ತಂದೆಯ ವಿಷಯವೇ ತಿಳಿದಿರಲಿಲ್ಲವೆಂಬುದು ಆ ಕಥೆಯ ತಿರುಳು. ಆಸ್ಪತ್ರೆಯ ಕೇಸ್‌ಶೀಟಿನಲ್ಲಿಯೂ ನಮಗೆ ದೊರೆಯುವುದು ಹೆಚ್ಚುಕಡಮೆ ಅಷ್ಟೆ: ವಯಸ್ಸು, ತೂಕ, ರಕ್ತದ ಒತ್ತಡ. ಬ್ರಿಟನ್ನಿನ ಆಲ್ಜೈಮರ್ ಸೊಸೈಟಿಯು, ರೋಗಿಯನ್ನು ಹೇಗೆ ಕರೆಯಬೇಕು, ಯಾವುದಕ್ಕೆ ಹೆದರುತ್ತಾರೆ, ಯಾವುದರಿಂದ ಸಮಾಧಾನಗೊಳ್ಳುತ್ತಾರೆ ಎಂಬುದನ್ನು ಮನೆಯವರು ತುಂಬಿಕೊಡುವ ಒಂದು ಪತ್ರಕವನ್ನು ಬಹುಕಾಲದಿಂದ ಹಂಚುತ್ತಿದೆ. ನಮ್ಮಲ್ಲಿಯೂ ಒಂದು ಪುಟದ ಕನ್ನಡ ಪತ್ರಕವು ಪ್ರತಿ ಹಾಸಿಗೆಯ ಬಳಿ ತೂಗುವಂತಾಗಬೇಕು. ಕಾಫಿಗೆ ಸಕ್ಕರೆ ಎಷ್ಟು, ಎಡಗಿವಿ ಮಂದವೋ ಬಲಗಿವಿಯೋ, ಯಾವ ದೇವರನಾಮ ಹಾಡಿದರೆ ಜೊತೆಗೆ ಗುನುಗುತ್ತಾರೆ ಎಂಬುದನ್ನು ಹೊಸದಾಗಿ ಪಾಳಿಗೆ ಬಂದ ದಾದಿ ಅದರಿಂದ ಅರಿಯಬಹುದು.

ಅದೇ ಬ್ರಿಟನ್ನಿನಲ್ಲಿ 2014ರಲ್ಲಿ ‘ಜಾನ್ಸ್ ಕ್ಯಾಂಪೇನ್’ ಎಂಬ ಆಂದೋಲನವೊಂದು ಹುಟ್ಟಿತು. ಆಸ್ಪತ್ರೆಯಲ್ಲಿ ಭೇಟಿಯ ವೇಳೆಯ ನಿರ್ಬಂಧದಿಂದ ಮನೆಯವರಿಂದ ದೂರವಾಗಿ, ಬಹುಬೇಗ ಕುಗ್ಗಿಹೋದ ವೃದ್ಧ ತಂದೆಯೊಬ್ಬರ ಮಗಳು, ಲೇಖಕಿ ನಿಕಿ ಜೆರಾರ್ಡ್, ತನ್ನ ಗೆಳತಿ ಜೂಲಿಯಾ ಜೋನ್ಸ್ ಅವರೊಡನೆ ಸೇರಿ, ಆರೈಕೆದಾರರಿಗೆ ರೋಗಿಯ ಬಳಿಯಿರುವ ಹಕ್ಕಿಗಾಗಿ ಹೋರಾಡಿದರು. ನಮ್ಮ ದೇಶದಲ್ಲಿ ಆ ಬಾಗಿಲು ಎಂದೋ ತೆರೆದಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆವರಣದಲ್ಲಿಯೇ ಡೇರೆ ಹಾಕಿಸಿ ಇರಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬದೊಡನೆ ಇರುವ ವಾರ್ಡುಗಳ ಪರಂಪರೆಯಿದೆ. ಜಿಲ್ಲಾಸ್ಪತ್ರೆಗಳಲ್ಲಂತೂ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಮನೆಯವರಿಲ್ಲದೆ ಚಿಕಿತ್ಸೆಯೇ ಸಾಗದು. ಔಷಧ ತರಲು, ಬಟ್ಟೆ ಬದಲಿಸಲು ಅವರು ಬೇಕು. ರೋಗಿಯ ವಿಷಯದಲ್ಲಿ ಅವರಿಗೆ ತಿಳಿದಿರುವುದನ್ನು ಕೇಳಲು ಮಾತ್ರ ಯಾರಿಗೂ ಬಿಡುವಿಲ್ಲ. ಅನ್ಯರು ಹೋರಾಡಿ ಪಡೆದ ಸಾಮೀಪ್ಯವು ತಾನಾಗಿಯೇ ಒದಗಿರುವಾಗ ನಾವು ಅದನ್ನು ಮಾತಿಲ್ಲದ ಸಾಮೀಪ್ಯವಾಗಿ ಉಳಿಸಿಕೊಂಡಿರುವುದು ನನಗೆ ತುಂಬ ವ್ಯಥೆಯನ್ನುಂಟುಮಾಡುತ್ತದೆ.

ವೈದ್ಯರಿಗೆ ವೇಳೆಯಿಲ್ಲವೆಂಬುದು ನಿಜ. ಹಾಗಾದರೆ ಆರೈಕೆದಾರರೊಡನೆ ನಡೆಯಬೇಕಾದ ಈ ಎರಡನೆಯ ಸಂಭಾಷಣೆಯನ್ನು ನಡೆಸತಕ್ಕವರಾರು? ನೆರೆಯ ಗೋವೆಯಲ್ಲಿ ಇದಕ್ಕೊಂದು ಉತ್ತರ ದೊರೆತಿದೆ. ಡಾಕ್ಟರ್ ಅಮಿತ್ ಡಾಯಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎರಡು ತಾಲ್ಲೂಕುಗಳ 81 ಕುಟುಂಬಗಳನ್ನು ಆರಿಸಿಕೊಂಡು, ಸುಮಾರು ಅರ್ಧದಷ್ಟು ಕುಟುಂಬಗಳಿಗೆ ಮನೆಭೇಟಿಯ ಸಲಹೆಗಾರರನ್ನು ಕಳುಹಿಸಿದರು. ಈ ಸಲಹೆಗಾರರು ವೈದ್ಯರಲ್ಲ, ದಾದಿಯರೂ ಅಲ್ಲ. ಹೈಯರ್ ಸೆಕೆಂಡರಿಯವರೆಗೆ ಓದಿದ, ಕೊಂಕಣಿಯನ್ನು ಚೆನ್ನಾಗಿ ಬಲ್ಲ, ಸ್ಥಳೀಯರಾದ ಸಾಮಾನ್ಯ ಜನರು. ಒಂದು ವಾರದ ತೀವ್ರ ತರಬೇತಿ ಪಡೆದು, ಹದಿನೈದು ದಿನಕ್ಕೊಮ್ಮೆಯಾದರೂ ಮನೆಗೆ ಹೋಗಿ, ಆರು ತಿಂಗಳ ಕಾಲ, ರೋಗವೆಂದರೇನು, ಸ್ನಾನ ಊಟಗಳನ್ನು ಮಾಡಿಸುವುದು ಹೇಗೆ, ಕೋಪ ಬಂದಾಗ ಏನು ಮಾಡಬೇಕು ಎಂದು ಕುಳಿತು ಮಾತನಾಡಿದರು. ಬೇಕಾದಾಗ ಮನೋವೈದ್ಯರ ನೆರವು ಅವರ ಬೆನ್ನಿಗಿತ್ತು. ರೋಗವು ನಿಲ್ಲಲಿಲ್ಲ, ನಿಲ್ಲುವಂಥದೂ ಅಲ್ಲ. ನೋಡಿಕೊಳ್ಳುವವರ ಮಾನಸಿಕ ಆರೋಗ್ಯವಾದರೋ ಸುಧಾರಿಸಿತು. ರೋಗಿಯ ವರ್ತನೆಯಿಂದ ಅವರಿಗಾಗುತ್ತಿದ್ದ ಸಂಕಟವು ಕಡಿಮೆಯಾಯಿತು. ಇದನ್ನು ಓದಿದಾಗಲೆಲ್ಲ, ಆರೈಕೆದಾರಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ‘ನೀವು ಹೇಗಿದ್ದೀರಿ?’ ಎಂದು ಕೇಳುವುದಕ್ಕೆ ಎಂಥ ಬಲವಿದೆಯೆಂದು ನನಗನಿಸುತ್ತದೆ.

ಕರ್ನಾಟಕಕ್ಕೆ ಇದು ಅಸಾಧ್ಯವಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರಗಳ ಸಹಯೋಗದ ಮಿದುಳು ಆರೋಗ್ಯ ಯೋಜನೆಯಡಿ ಜಿಲ್ಲಾಸ್ಪತ್ರೆಗಳಲ್ಲಿ ವಿಶೇಷ ಚಿಕಿತ್ಸಾಲಯಗಳು ತೆರೆಯುತ್ತಿವೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಆರೈಕೆದಾರರೂ ಕನ್ನಡದಲ್ಲಿಯೇ ಕರೆ ಮಾಡಬಹುದು. 14567 ಹಿರಿಯ ನಾಗರಿಕರ ಸಹಾಯವಾಣಿ. ಆ ಚಿಕಿತ್ಸಾಲಯಗಳಲ್ಲಿ ರೋಗಿಗೊಂದು, ನೋಡಿಕೊಳ್ಳುವವರಿಗೊಂದು, ಹೀಗೆ ಎರಡು ಚೀಟಿ ಬರೆಯುವ ಕ್ರಮವನ್ನು ಮೊದಲು ತರಲಿ; ಎರಡನೆಯ ಚೀಟಿಯವರನ್ನು ಸಮಾಜಕಾರ್ಯಕರ್ತೆಯೋ ಆಪ್ತಸಮಾಲೋಚಕಿಯೋ ಬೇರೆ ಕೋಣೆಯಲ್ಲಿ, ಹಿರಿಯರ ಕಿವಿಗೆ ಬೀಳದಂತೆ, ಮಾತನಾಡಿಸಲಿ. ಮನೆಭೇಟಿಗೆ ಆಶಾ ಕಾರ್ಯಕರ್ತೆಯರ ಹೆಸರು ಎಲ್ಲರ ಬಾಯಿಗೂ ಬರುತ್ತದೆ. ಊರಿನ ಪ್ರತಿ ಮನೆಯನ್ನೂ ಬಲ್ಲವರು ಅವರೇ ಎಂಬುದೂ ದಿಟ. ಆದರೆ ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆಗಳ ಹೊರೆಯನ್ನು ಈಗಾಗಲೇ ಹೊತ್ತು, ಗೌರವಧನಕ್ಕಾಗಿ ಬೀದಿಯಲ್ಲಿ ಧರಣಿ ಕುಳಿತ ಆ ಹೆಣ್ಣುಮಕ್ಕಳ ಮೇಲೆ ಮತ್ತೊಂದು ಕೆಲಸವನ್ನು ಸುಮ್ಮನೆ ಹೇರುವುದನ್ನು ನಾನು ಒಪ್ಪಲಾರೆ. ಈ ಕೆಲಸಕ್ಕೇ ಪ್ರತ್ಯೇಕವಾಗಿ, ತಾಲ್ಲೂಕಿಗೆ ಕೆಲವರಂತೆ, ಆ ಭಾಗದ ನುಡಿಯನ್ನು ಬಲ್ಲ ಮಹಿಳೆಯರನ್ನು ನೇಮಿಸಿ, ತರಬೇತಿಯಿತ್ತು, ತಿಂಗಳ ಸಂಬಳ ಕೊಡಬೇಕು. ಅವರಲ್ಲಿ ತಂದೆತಾಯಿಯರನ್ನು ಈ ಕಾಯಿಲೆಯಲ್ಲಿ ನೋಡಿಕೊಂಡು, ಅವರನ್ನು ಕಳೆದುಕೊಂಡು, ಈಗ ಕೈ ಬರಿದಾಗಿ ಕುಳಿತಿರುವ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆಯಿರಲಿ.